ಹೊಸ ವೈಟ್‌ವಾಟರ್ ಕೆನೂಗೆ ಫೋಮ್ ಕೂರಿಸುವುದು: ಎತ್ತರ ಮೊದಲು, ಅಂಟು ಕೊನೆಗೆ

ಅಂಗಡಿಯಿಂದ ಬಂದ, ಒಬ್ಬರೇ ಕೂರುವ ವೈಟ್‌ವಾಟರ್ ಕೆನೂ, ಅಂದರೆ ರಭಸದ ನದಿಗೆ ಇಳಿಸುವ ತೆರೆದ ದೋಣಿ, ಯಾರೋ ಒಬ್ಬರ ಅಳತೆಗೆ ಸರಿಯಾಗಿಯೇ ಇರುತ್ತದೆ. ಆ ಒಬ್ಬರು ನೀವಾಗಿರುವ ಸಾಧ್ಯತೆ ಮಾತ್ರ ಕಡಿಮೆ. ಕಯಾಕಿನ ಹಾಗೆ ಇದರಲ್ಲಿ ಕಾಲು ಚಾಚಿ ಕೂರುವುದಿಲ್ಲ. ವಜ್ರಾಸನ ಹಾಕಿದವರ ಪೃಷ್ಠದ ಕೆಳಗೆ ದಿಮ್ಮಿ ಇಟ್ಟ ಹಾಗೆ, ದೋಣಿಯ ನಡುವೆ ಇರುವ ಫೋಮ್ ಪೀಠವನ್ನು ತೊಡೆಗಳ ಮಧ್ಯೆ ಇಟ್ಟುಕೊಂಡು ಮಂಡಿಯೂರಬೇಕು. ದೋಣಿಯನ್ನು ವಾಲಿಸುವುದು, ತಿರುಗಿಸುವುದು, ಮಗುಚಿದಾಗ ಮತ್ತೆ ಎಬ್ಬಿಸುವುದು ಎಲ್ಲವೂ ಎರಡು ಮಂಡಿ ಮತ್ತು ಒಂದು ಪೀಠದ ಬಲದ ಮೇಲೆ. ಮಂಡಿ ಜಾರಿದರೆ ದೋಣಿ ವಾಲದು. ಸೊಂಟ ಅತ್ತಿತ್ತ ಆಡಿದರೆ ಹುಟ್ಟಿಗೆ ಹಾಕಿದ ಬಲ ದೋಣಿಗೆ ಮುಟ್ಟುವುದೇ ಇಲ್ಲ. ಪೀಠ ತಗ್ಗಾಗಿದ್ದರೆ ಅರ್ಧ ಗಂಟೆಯೊಳಗೆ ಕಾಲು ಜೋಮು ಹಿಡಿಯುತ್ತದೆ.

ಹೊಸಬರು ಸಾಮಾನ್ಯವಾಗಿ ಸೊಂಟದ ಪ್ಯಾಡಿನಿಂದ ಕೆಲಸ ಶುರು ಮಾಡುತ್ತಾರೆ, ಏಕೆಂದರೆ ಅದು ಸುಲಭ, ಕಣ್ಣಿಗೂ ಬೀಳುತ್ತದೆ. ಆಮೇಲೆ ಪೀಠವನ್ನು ಎರಡು ಸೆಂಟಿಮೀಟರ್ ತಗ್ಗಿಸಬೇಕಾಗಿ ಬರುತ್ತದೆ, ಅಂಟಿಸಿದ ಪ್ಯಾಡುಗಳೆಲ್ಲ ತಪ್ಪು ಜಾಗಕ್ಕೆ ಬಂದು ಕೂರುತ್ತವೆ. ಪೀಠದ ಎತ್ತರ ಬದಲಾದರೆ ಮಂಡಿಯ ಅಗಲ ಬದಲಾಗುತ್ತದೆ, ಮಂಡಿ ಸರಿದರೆ ಪಾದದ ಆಸರೆ ಸರಿಯುತ್ತದೆ, ಅದರ ಜೊತೆ ತೊಡೆಯನ್ನು ಬಿಗಿದು ಹಿಡಿಯುವ ತೊಡೆಪಟ್ಟಿಯ ಕೋನವೂ. ಆದ್ದರಿಂದ ಕ್ರಮ ಇದು: ಎತ್ತರ, ಹಿಂದೆ-ಮುಂದೆ, ಮಂಡಿ, ಪಾದ, ಪಟ್ಟಿ, ಕೊನೆಗೆ ಸೊಂಟ. ಎಲ್ಲವನ್ನೂ ಮೊದಲು ಡಕ್ಟ್ ಟೇಪಿನಲ್ಲಿ ನಿಲ್ಲಿಸಿ, ನಿಂತ ನೀರಿನಲ್ಲಿ ಎರಡು ಮೂರು ಸಲ ಪ್ರಯತ್ನಿಸಿ ನೋಡಿ. ಅಂಟಿನ ಡಬ್ಬಿಯ ಮುಚ್ಚಳ ಅಲ್ಲಿಯ ತನಕ ತೆರೆಯುವುದು ಬೇಡ.

ದೋಣಿ ಯಾವುದರಿಂದ ಆಗಿದೆ?

ಹಳೆಯ ವೈಟ್‌ವಾಟರ್ ಕೆನೂಗಳಲ್ಲಿ ಹೆಚ್ಚಿನವು ರಾಯಲೆಕ್ಸ್‌ನವು: ಎಬಿಎಸ್ ಪ್ಲಾಸ್ಟಿಕ್ ಪದರಗಳ ನಡುವೆ ಫೋಮ್ ತಿರುಳು. ಅದರ ತಯಾರಿಕೆ 2014ರ ಹೊತ್ತಿಗೆ ನಿಂತುಹೋಯಿತು. ಕ್ವಿಬೆಕ್‌ನ ಎಸ್ಕಿಫ್ ಕಂಪನಿ ಅದರ ಜಾಗಕ್ಕೆ ಟಿ-ಫಾರ್ಮೆಕ್ಸ್ ತಂದಿತು. ಇವೆರಡಕ್ಕೂ ಕಾಂಟ್ಯಾಕ್ಟ್ ಸಿಮೆಂಟ್, ಅಂದರೆ ಎರಡೂ ಮೈಗೆ ಹಚ್ಚಿ ಆರಿದ ಮೇಲೆ ಒತ್ತುವ ಅಂಟು, ಚೆನ್ನಾಗಿ ಹಿಡಿಯುತ್ತದೆ. ಇಂಥ ದೋಣಿಯೊಳಗೆ ಫೋಮನ್ನು ನೇರ ತಳಕ್ಕೇ ಅಂಟಿಸಬಹುದು.

ಇಂದಿನ ಗಿಡ್ಡ ಕೆನೂಗಳು, ಅಂದರೆ ಎಸ್ಕಿಫ್ ಲೆಡ್ಜ್, ಸಿಲ್ವರ್‌ಬರ್ಚ್ ಕವರ್ಟ್, ಬ್ಲ್ಯಾಕ್‌ಫ್ಲೈ ಆಪ್ಷನ್ ಥರದವು, ಅಚ್ಚಿನಲ್ಲಿ ಹೊಯ್ದ ಪಾಲಿಎಥಿಲೀನ್‌ನವು. ಬಕೆಟ್ಟಿನ ಪ್ಲಾಸ್ಟಿಕ್ಕಿನ ಜಾತಿಯೇ ಇದು, ಯಾವ ಅಂಟನ್ನೂ ಸುಲಭವಾಗಿ ಹಿಡಿದುಕೊಳ್ಳುವುದಿಲ್ಲ. ಕಾಂಟ್ಯಾಕ್ಟ್ ಸಿಮೆಂಟ್ ಹಚ್ಚಿದ ದಿನ ಭದ್ರವಾಗಿ ಕಾಣುತ್ತದೆ, ಕೆಲವು ಸಲ ನೀರಿಗಿಳಿದ ಮೇಲೆ ಅಂಚಿನಿಂದ ಸಿಪ್ಪೆಯಂತೆ ಏಳುತ್ತದೆ. ಹಾಗಾಗಿ ಈ ದೋಣಿಗಳಲ್ಲಿ ಕಾರ್ಖಾನೆಯವರು ಪೀಠವನ್ನು ಬೋಲ್ಟಿನಿಂದಲೋ ರೈಲು ಎಂಬ ರಂಧ್ರಗಳ ಪಟ್ಟಿಯಿಂದಲೋ ಬಿಗಿದಿರುತ್ತಾರೆ. ನಿಮ್ಮ ಕೆಲಸವೂ ಅದೇ ದಾರಿಯಲ್ಲಿ ಸಾಗಲಿ. ಹೊಸ ಫೋಮನ್ನು ಹಳೆಯ ಫೋಮಿಗೆ ಅಂಟಿಸಿ, ಅಥವಾ ಅರ್ಧ ಸೆಂಟಿಮೀಟರ್ ದೊಡ್ಡದಾಗಿ ಕತ್ತರಿಸಿ ಪೀಠಕ್ಕೂ ದೋಣಿಯ ಗೋಡೆಗೂ ನಡುವೆ ಬಿಗಿಯಾಗಿ ತುರುಕಿ. ತಳಕ್ಕೇ ಅಂಟಿಸಲೇಬೇಕಾದರೆ ಜ್ವಾಲೆಯ ಉಪಾಯವಿದೆ. ಅಂಟಿನ ಭಾಗದಲ್ಲಿ ಅದು ಬರುತ್ತದೆ.

ಸಾಮಾನು

ಬೇಕಾದದ್ದು ಮಿನಿಸೆಲ್ ಎಂದು ಮಾರುವ ಫೋಮ್: ಕ್ರಾಸ್‌ಲಿಂಕ್ ಮಾಡಿದ ಪಾಲಿಎಥಿಲೀನ್, ಒಳಗಿನ ಗುಳ್ಳೆಗಳೆಲ್ಲ ಸಣ್ಣವು, ಮುಚ್ಚಿದವು. ನೀರು ಹೀರುವುದಿಲ್ಲ, ಹೆರೆದರೆ ನುಣ್ಣಗಾಗುತ್ತದೆ. ಘನ ಅಡಿಗೆ 2 ಪೌಂಡ್, ಅಂದರೆ ಘನ ಮೀಟರಿಗೆ ಸುಮಾರು 32 ಕೆ.ಜಿ. ಸಾಂದ್ರತೆಯದು ಪೀಠ, ಸೊಂಟ ಎರಡಕ್ಕೂ ಸಾಕು. ಮಂಡಿಯ ಕೆಳಗೆ ಹಾಕುವುದು ಇದಕ್ಕಿಂತ ಗಟ್ಟಿಯಾಗಿದ್ದರೆ ಒಳ್ಳೆಯದು, ಇಲ್ಲವಾದರೆ ಒಂದು ಋತು ಮುಗಿಯುವಷ್ಟರಲ್ಲಿ ಅಪ್ಪಚ್ಚಿಯಾಗಿ ಮಂಡಿ ತಳಕ್ಕೆ ತಾಗುತ್ತದೆ.

ಪೀಠ ಈಗಾಗಲೇ ಇರುವ ಹೊಸ ದೋಣಿಗೆ ಇಷ್ಟಿದ್ದರೆ ಸಾಕಾಗುತ್ತದೆ: 60×60 ಸೆಂ.ಮೀ.ನ ಎರಡು ಶೀಟು, ಒಂದು 12 ಮಿ.ಮೀ. ದಪ್ಪದ್ದು, ಇನ್ನೊಂದು 25 ಮಿ.ಮೀ.; 30×30 ಸೆಂ.ಮೀ.ನ 75 ಮಿ.ಮೀ. ದಪ್ಪದ ಒಂದು ಇಟ್ಟಿಗೆ, ಒಂದು ಲೀಟರ್ ಕಾಂಟ್ಯಾಕ್ಟ್ ಸಿಮೆಂಟ್, 60 ಮತ್ತು 120 ನಂಬರಿನ ಸ್ಯಾಂಡ್‌ಪೇಪರ್, ಸರ್ಫಾರ್ಮ್ ಎಂಬ ತುರಿಮಣೆಯಂಥ ಅರ, ಉದ್ದನೆಯ ಬ್ರೆಡ್ ಚಾಕು, ಉಜ್ಜುವ ಆಲ್ಕೋಹಾಲ್, ಅಗ್ಗದ ಕೂದಲ ಬ್ರಷ್ ನಾಲ್ಕೈದು. ಫೋಮ್ ಸ್ವಲ್ಪ ಹೆಚ್ಚೇ ಇರಲಿ, ಮೊದಲ ಪ್ಯಾಡು ಹೆಚ್ಚಿನಂಶ ಕಸದ ಬುಟ್ಟಿಗೇ.

ಥರ್ಮಕೋಲ್ ಬೇಡ. ಅದು ಪುಡಿಯಾಗುತ್ತದೆ, ಕಾಂಟ್ಯಾಕ್ಟ್ ಸಿಮೆಂಟಿನ ದ್ರಾವಕ ತಾಗಿದರೆ ಕರಗಿಯೇ ಹೋಗುತ್ತದೆ. ಹಾಸಿಗೆಯ ಸ್ಪಂಜು ನೀರು ಹೀರಿ ಕಲ್ಲಿನಷ್ಟು ಭಾರವಾಗುತ್ತದೆ. ಮಕ್ಕಳ ಕೋಣೆಗೆ ಹಾಸುವ ಜೋಡಣೆಯ ಇವಿಎ ಮ್ಯಾಟು ಮಾತ್ರ ಮಂಡಿಯ ಕೆಳಗಿನ ಮೇಲ್ಪದರಕ್ಕೆ ಚೆನ್ನಾಗಿ ಬರುತ್ತದೆ.

ಕರ್ನಾಟಕದಲ್ಲಿ ದಾಂಡೇಲಿಯ ಕಾಳಿ, ಕೊಡಗಿನ ಬರಪೊಳೆ ಎಂದರೆ ಮುಖ್ಯವಾಗಿ ರಾಫ್ಟು, ಅಲ್ಲೊಂದು ಇಲ್ಲೊಂದು ಕಯಾಕು. ಈ ಕೆಲಸದ ಬೇರು ಇರುವುದು ಉತ್ತರ ಅಮೆರಿಕ ಮತ್ತು ಬ್ರಿಟನ್ನಿನಲ್ಲಿ. ಒಂಟಾರಿಯೊದಲ್ಲೋ ನಾರ್ತ್ ಕ್ಯಾರೊಲಿನಾದಲ್ಲೋ ನೆಲೆಸಿ ಒಟ್ಟಾವ ನದಿಗೆ, ನಂಟಹಾಲಕ್ಕೆ ಇಳಿಯುವ ಕನ್ನಡಿಗರಿಗೆ ಮಿನಿಸೆಲ್ ಹುಡುಕುವುದು ಕಷ್ಟವಲ್ಲ. ಬೆಂಗಳೂರಿನಲ್ಲಿದ್ದು ಕಯಾಕಿನ ಸೀಟು ಸರಿಮಾಡಿಕೊಳ್ಳಬೇಕಾದವರು ಎಸಿ ಡಕ್ಟಿಗೆ ಸುತ್ತುವ ಕ್ರಾಸ್‌ಲಿಂಕ್ ಪಾಲಿಎಥಿಲೀನ್ ಶೀಟನ್ನು ಬೆಳ್ಳಿ ಹಾಳೆ ಇಲ್ಲದ್ದು ನೋಡಿ ತರಬಹುದು. ತೆಳು ಶೀಟುಗಳೇ ಹೆಚ್ಚು ಸಿಗುವುದರಿಂದ ಪದರ ಪದರ ಅಂಟಿಸಿ ದಪ್ಪ ಮಾಡಿಕೊಳ್ಳಬೇಕು.

ಪೀಠದ ಎತ್ತರ

ಸಮಯವೆಲ್ಲ ಇಲ್ಲೇ ಹೋಗಲಿ. ಬಹುಪಾಲು ಜನರ ಪೀಠ ದೋಣಿಯ ತಳದಿಂದ 18ರಿಂದ 23 ಸೆಂ.ಮೀ. ಎತ್ತರದಲ್ಲಿ ನಿಲ್ಲುತ್ತದೆ. ತಗ್ಗಾದಷ್ಟೂ ದೋಣಿ ಸ್ಥಿರ, ಮಂಡಿಗೆ ಸಂಕಟ. ಎತ್ತರವಾದಷ್ಟೂ ಮಂಡಿ ಹಗುರ, ಹುಟ್ಟಿಗೆ ಕೈ ಚೆನ್ನಾಗಿ ಎಟುಕುತ್ತದೆ, ಆದರೆ ದೋಣಿ ತೊನೆಯುತ್ತದೆ. ಎರಡೂವರೆ ಸೆಂಟಿಮೀಟರ್ ವ್ಯತ್ಯಾಸ ಕಾಗದದ ಮೇಲೆ ಏನೂ ಅಲ್ಲ, ನೀರಿನ ಮೇಲೆ ಬೇರೆಯೇ ದೋಣಿ.

ತಳದಿಂದ ಅಳೆದ ಎತ್ತರ ಅರ್ಧ ಲೆಕ್ಕ ಮಾತ್ರ. ನಿಮ್ಮ ಮಂಡಿಯ ಮಡಿಕೆಯನ್ನು ತೀರ್ಮಾನಿಸುವುದು ಪೀಠದ ಮೇಲ್ಮೈಗೂ ಮಂಡಿ ಪ್ಯಾಡಿನ ಮೇಲ್ಮೈಗೂ ಇರುವ ಅಂತರ. 20 ಸೆಂ.ಮೀ. ಪೀಠ ಇಟ್ಟು ಮಂಡಿಯ ಕೆಳಗೆ 2.5 ಸೆಂ.ಮೀ. ದಪ್ಪದ ಪ್ಯಾಡ್ ಹಾಕಿದರೆ ನೀವು ಕೂತದ್ದು 17.5ರ ಪೀಠದಲ್ಲಿ. ಮಂಡಿ ನೋವೆಂದು ಪ್ಯಾಡ್ ದಪ್ಪ ಮಾಡುತ್ತಾ ಹೋದವರಿಗೆ ನೋವು ಹೆಚ್ಚಾಗುವುದು ಈ ಲೆಕ್ಕ ತಪ್ಪುವುದರಿಂದ. ಮೊದಲು ಮಂಡಿ ಪ್ಯಾಡಿನ ದಪ್ಪ ತೀರ್ಮಾನಿಸಿ, ಅದನ್ನು ಜಾಗದಲ್ಲಿಟ್ಟುಕೊಂಡೇ ಎತ್ತರ ನೋಡಿ.

ನೋಡುವ ರೀತಿ ಹೀಗೆ. ದೋಣಿಯನ್ನು ಕೋಣೆಯಲ್ಲೋ ಗ್ಯಾರೇಜಿನಲ್ಲೋ ಹಳೆಯ ಹಾಸಿಗೆಯ ಮೇಲಿಡಿ. ನದಿಗೆ ಹಾಕುವ ಬಟ್ಟೆಯನ್ನೇ, ಶೂವನ್ನೇ ಹಾಕಿಕೊಳ್ಳಿ. ಅಣೆಕಟ್ಟಿನ ತಣ್ಣೀರು ಹರಿಯುವ ನಂಟಹಾಲದಂಥ ನದಿಗೆ ನೀರು ಒಳಬಿಡದ ಡ್ರೈಸೂಟು, ಅದರೊಳಗೆ ಉಣ್ಣೆಯ ಪದರ ಎರಡಿರುತ್ತವೆ. ಬರ್ಮುಡಾದಲ್ಲಿ ತೆಗೆದ ಅಳತೆ ಅದಕ್ಕೆ ಉಪಯೋಗವಿಲ್ಲ. ಪೀಠ ತಗ್ಗಾಗಿದೆ ಅನಿಸಿದರೆ 12 ಮಿ.ಮೀ. ಫೋಮಿನ ಹೋಳುಗಳನ್ನು ಒಂದರ ಮೇಲೊಂದು ಟೇಪಿನಿಂದ ಬಿಗಿದು ಏರಿಸುತ್ತಾ ಹೋಗಿ. ಪ್ರತಿ ಎತ್ತರದಲ್ಲೂ ಅರ್ಧ ಗಂಟೆ ಕೂರಿ. ಕ್ರಿಕೆಟ್ ನೋಡುತ್ತಾ ಕೂತರೆ ಆಯಿತು, ಕೈಯಲ್ಲಿ ಗಡಿಯಾರ ಹಿಡಿದುಕೊಳ್ಳುವ ಕಷ್ಟವಿಲ್ಲ. ಮೊದಲ ಐದು ನಿಮಿಷ ಎಲ್ಲ ಎತ್ತರವೂ ಹಿತವೇ. ಇಪ್ಪತ್ತನೆಯ ನಿಮಿಷದ ಹೊತ್ತಿಗೆ ಪಾದದ ಬೆರಳು ಜುಮ್ಮೆನ್ನತೊಡಗಿದರೆ ಇನ್ನೂ ಏರಿಸಬೇಕು.

ಕಾರ್ಖಾನೆಯ ಪೀಠ ಎತ್ತರವಾಗಿದ್ದರೆ ತಗ್ಗಿಸುವುದು ಸುಲಭ, ಆದರೆ ಒಂದು ಸಲಕ್ಕೆ ಒಂದು ಸೆಂಟಿಮೀಟರಿಗಿಂತ ಹೆಚ್ಚು ಕತ್ತರಿಸಬೇಡಿ. ಕತ್ತರಿಸಿದ್ದನ್ನು ಮತ್ತೆ ಅಂಟಿಸಬಹುದು ನಿಜ, ಆದರೆ ಕುಂಡೆಯ ಕೆಳಗೇ ಅಂಟಿನ ಗಟ್ಟಿ ಗೆರೆ ಬರುತ್ತದೆ.

ಎತ್ತರ ಸರಿ ಅನಿಸಿದ ಮೇಲೆ ಪೀಠದ ಮುಂಭಾಗವನ್ನು ಹಿಂಭಾಗಕ್ಕಿಂತ ಒಂದು, ಒಂದೂವರೆ ಸೆಂಟಿಮೀಟರ್ ತಗ್ಗು ಮಾಡಿ. ಈ ಇಳಿಜಾರು ಭಾರವನ್ನು ಸ್ವಲ್ಪ ಮಂಡಿಯ ಕಡೆಗೆ ದಾಟಿಸುತ್ತದೆ. ಹೆಚ್ಚು ಇಳಿಜಾರು ಮಾಡಿದರೆ ಮುಂದಕ್ಕೆ ಜಾರುತ್ತಲೇ ಇರುತ್ತೀರಿ. ನಡುವೆ ಒಂದು ಸೆಂಟಿಮೀಟರ್ ಆಳದ ತಟ್ಟೆಯಂಥ ತಗ್ಗು ಸಾಕು. ಕೂರುವ ಮೇಲ್ಮೈಯನ್ನು 60ರ ಸ್ಯಾಂಡ್‌ಪೇಪರಿಗೇ ನಿಲ್ಲಿಸಿ. ತೀರಾ ನುಣುಪು ಮಾಡಿದರೆ ಒದ್ದೆಯಾದ ನಿಯೊಪ್ರೀನ್ ರಬ್ಬರಿನ ಉಡುಪು ಜಾರುತ್ತದೆ.

ಜೋಮು ಹಿಡಿಯುವುದಕ್ಕೆ ಎತ್ತರವೊಂದೇ ಕಾರಣವಲ್ಲ, ಪೀಠದ ಅಗಲವೂ ಇರಬಹುದು. ತೊಡೆಯ ಒಳಬದಿಗೆ ಪೀಠದ ಮೇಲಂಚು ಒತ್ತಿದರೆ ರಕ್ತ ಸರಿಯಾಗಿ ಓಡದು. ಕೂತು ಎದ್ದ ಮೇಲೆ ತೊಡೆಯ ಒಳಗೆ ಕೆಂಪು ಗೆರೆ ಮೂಡಿದೆಯೇ ನೋಡಿ. ಮೂಡಿದ್ದರೆ ಆ ಜಾಗದಲ್ಲಿ ಪೀಠದ ಎರಡೂ ಬದಿಯನ್ನು ಅರ್ಧ ಅರ್ಧ ಸೆಂಟಿಮೀಟರ್ ಹೆರೆಯುತ್ತಾ ಬನ್ನಿ. ಅಗಲವನ್ನು ತೊಡೆ ತಾಗುವ ಎತ್ತರದಲ್ಲಷ್ಟೇ ಕಡಿಮೆ ಮಾಡಿ. ಬುಡದಲ್ಲಿ ಕೈಹಾಕಬೇಡಿ, ಪೀಠದ ಬಲವೆಲ್ಲ ಅಲ್ಲಿದೆ.

ಹಿಂದೆ-ಮುಂದೆ

ದೋಣಿಯನ್ನು ನಿಂತ ನೀರಿಗೆ ಇಳಿಸಿ, ಕೂತು, ಹುಟ್ಟನ್ನು ಮುಂದಕ್ಕೆ ಹಿಡಿದುಕೊಳ್ಳಿ. ದಡದಲ್ಲಿರುವವರು ಬದಿಯಿಂದ ಒಂದು ಫೋಟೊ ತೆಗೆಯಲಿ. ಮೂತಿ ಮತ್ತು ಬಾಲ ನೀರಿನಿಂದ ಸಮ ಎತ್ತರದಲ್ಲಿರಬೇಕು, ಇಲ್ಲವೇ ಮೂತಿ ಕೂದಲೆಳೆಯಷ್ಟು ಮೇಲಿರಬೇಕು. ಮೂತಿ ಭಾರವಾದರೆ ಪ್ರತಿ ಅಲೆಗೂ ನೀರು ಒಳಗೆ ಬರುತ್ತದೆ, ಬಾಲ ತನ್ನ ಪಾಡಿಗೆ ತಿರುಗುತ್ತದೆ. ಬಾಲ ಭಾರವಾದರೆ ದೋಣಿ ತಿರುಗಲು ಸೋಮಾರಿ. ರೈಲಿನ ಮೇಲಿನ ಪೀಠವಾದರೆ ಒಂದೊಂದೇ ರಂಧ್ರ ಸರಿಸಿ ನೋಡಬಹುದು. ಅಂಟಿಸುವ ಪೀಠವಾದರೆ ಒಳಗೆ ಮಾರ್ಕರಿನಿಂದ ಗೆರೆ ಎಳೆದು, ಟೇಪು ಹಾಕಿ, ಸರಿಸಿ ಸರಿಸಿ ನೋಡುವುದೊಂದೇ ದಾರಿ. ದೋಣಿಯೊಳಗೆ ನೀರು ತುಂಬದಂತೆ ಊದಿಡುವ ಗಾಳಿಚೀಲ, ನೀರು ಹೊರಹಾಕುವ ಪಂಪ್, ಕುಡಿಯುವ ನೀರಿನ ಬಾಟಲಿ ಎಲ್ಲ ತಮ್ಮ ಜಾಗದಲ್ಲಿದ್ದಾಗಲೇ ಈ ಪರೀಕ್ಷೆ ಮಾಡಿ.

ಮಂಡಿ

ಎರಡೂ ಮಂಡಿ ದೋಣಿಯ ತಳ ಗೋಡೆಗೆ ತಿರುಗುವ ಅಂಚಿನ ಹತ್ತಿರ, ನಿಮಗೆ ಹಿಂಸೆಯಾಗದಷ್ಟು ಅಗಲವಾಗಿ ಕೂರಬೇಕು. ಮಂಡಿಯ ಕೆಳಗೆ 12ರಿಂದ 20 ಮಿ.ಮೀ. ದಪ್ಪ ಸಾಕು: ಕೆಳಗೆ ಗಟ್ಟಿ ಮಿನಿಸೆಲ್, ಮೇಲೆ ಮೆತ್ತಗಿನ ಇವಿಎ. ಮಂಡಿಚಿಪ್ಪು ಕೂರುವಲ್ಲಿ ಅಂಗೈ ಅಗಲದ ಒಂದು ಗುಳಿ ತೋಡಿ, ಅರ್ಧ ಸೆಂಟಿಮೀಟರ್ ಆಳ. ಅದಕ್ಕಿಂತ ಆಳವಾದರೆ ಮಂಡಿ ಎತ್ತಿ ಹೊರತೆಗೆಯುವುದು ತಡವಾಗುತ್ತದೆ.

ಗುಳಿಗಿಂತ ಮುಖ್ಯ, ಹೊರಬದಿಯ ಬೆಣೆ. ದೋಣಿಯನ್ನು ಬಲಕ್ಕೆ ವಾಲಿಸಿದಾಗ ಬಲಮಂಡಿ ಹೊರಕ್ಕೆ ಜಾರಲು ನೋಡುತ್ತದೆ. ಜಾರಿದ ಪ್ರತಿ ಸೆಂಟಿಮೀಟರಿನಷ್ಟು ವಾಲುವಿಕೆ ನಷ್ಟ. 75 ಮಿ.ಮೀ.ನ ಇಟ್ಟಿಗೆಯಿಂದ ಮೂಲೆ ಮೂಲೆಗೆ ಕತ್ತರಿಸಿದರೆ ಎರಡು ತ್ರಿಕೋನ ಬೆಣೆ ಸಿಗುತ್ತವೆ. ಮಂಡಿಯ ಹೊರಮೈಗೂ ದೋಣಿಯ ಗೋಡೆಗೂ ನಡುವೆ ಒಂದೊಂದನ್ನು ತುರುಕಿ. ಮಂಡಿಗೆ ತಾಗುವ ಮುಖವನ್ನು ಒಳಕ್ಕೆ ಬಾಗಿದಂತೆ ಹೆರೆಯಿರಿ. ಹುಟ್ಟು ಹಾಕುವ ಕೈ ಯಾವುದೆಂಬುದರ ಮೇಲೆ ಎರಡು ಬದಿಯ ಬೆಣೆಗಳು ಒಂದೇ ಅಳತೆಯಲ್ಲಿ ಇಲ್ಲದೆಯೂ ಇರಬಹುದು, ಅದರಲ್ಲಿ ತಪ್ಪೇನಿಲ್ಲ.

ಮಂಡಿ ಪ್ಯಾಡನ್ನು ತಳಕ್ಕೆ ಪೂರ್ತಿ ಅಡ್ಡವಾಗಿ ಹಾಸಬೇಡಿ. ನೀರು ಹಿಂದೆ ಮುಂದೆ ಹರಿಯಲು ಎರಡು ಮೂರು ಸೆಂಟಿಮೀಟರ್ ಅಗಲದ ಕಾಲುವೆ ಬಿಡಿ.

ಪಾದ ಮತ್ತು ತೊಡೆಪಟ್ಟಿ

ಪಾದದ ಆಸರೆ ಎಂದರೆ ಪಾದದ ಮುಂಭಾಗ, ಹೆಬ್ಬೆರಳ ಬುಡ, ಹಿಂದಕ್ಕೆ ಒತ್ತಲು ಒಂದು ತಡೆ. ಒತ್ತಿದಾಗ ಮಂಡಿ ಮುಂದಕ್ಕೆ, ಗುಳಿಯೊಳಕ್ಕೆ ಹೋಗಿ ಕೂರುತ್ತದೆ. ಕಾರ್ಖಾನೆಯವರು ಕೊಡುವ, ಸರಿಹೊಂದಿಸಬಹುದಾದ ಪೆಗ್ಗು (ಪಾದ ಊರುವ ಗೂಟ) ಇದ್ದರೆ ಅದೇ ಸಾಕು. ಇಲ್ಲವಾದರೆ 10×10 ಸೆಂ.ಮೀ.ನ ಫೋಮ್ ದಿಮ್ಮಿ ಪೀಠದ ಹಿಂಭಾಗದ ಬದಿಗೆ ಅಂಟಿಸಬಹುದು.

ಪಾದದ ಕೀಲಿನ ಮೇಲ್ಭಾಗ ನೆಲಕ್ಕೆ ಚಪ್ಪಟೆಯಾಗಿ ಒತ್ತಿ ನೋಯುವುದು ತುಂಬ ಸಾಮಾನ್ಯ. ಕೀಲಿನ ಕೆಳಗೆ ಮೂರು ನಾಲ್ಕು ಸೆಂಟಿಮೀಟರ್ ಎತ್ತರದ ದುಂಡನೆಯ ಫೋಮ್ ತುಂಡು ಇಟ್ಟರೆ ನೋವು ಅಲ್ಲೇ ನಿಲ್ಲುತ್ತದೆ. ದುಡ್ಡು ಕೊಟ್ಟು ಕೊಂಡ ಯಾವ ಬಿಡಿಭಾಗಕ್ಕಿಂತ ಈ ತುಂಡು ಹೆಚ್ಚು ಸುಖ ಕೊಡುತ್ತದೆ.

ಪಾದದ ಸುತ್ತ ಜಾಗ ಬಿಡುವುದರಲ್ಲಿ ಕಂಜೂಸುತನ ಬೇಡ. ದಪ್ಪ ಅಟ್ಟೆಯ ಶೂ ಪೀಠದ ಬದಿಗೆ, ಪೆಗ್ಗಿಗೆ ಸಿಕ್ಕಿಕೊಂಡರೆ ಮಗುಚಿದಾಗ ಹೊರಬರಲು ಆಗುವುದಿಲ್ಲ. ಶೂ ಹಾಕಿದ ಪಾದವನ್ನು ಒಂದೇ ನೇರ ಎಳೆತಕ್ಕೆ ಹೊರಗೆಳೆಯಲು ಆಗಬೇಕು. ಪಟ್ಟಿಗಳ ಸ್ಯಾಂಡಲ್ ಈ ದೋಣಿಗೆ ಹೇಳಿದ್ದಲ್ಲ.

ತೊಡೆಪಟ್ಟಿ ಸಾಮಾನ್ಯವಾಗಿ 5 ಸೆಂ.ಮೀ. ಅಗಲದ್ದು. ಒಂದು ತುದಿ ಸೊಂಟದ ಹೊರಬದಿಯಲ್ಲಿ ದೋಣಿಯ ತಳದಂಚಿಗೆ, ಇನ್ನೊಂದು ಪೀಠದ ಮುಂಭಾಗಕ್ಕೆ. ಅದು ತೊಡೆಯ ನಡುಭಾಗವನ್ನು ಓರೆಯಾಗಿ ದಾಟಬೇಕು. ಮಂಡಿಯ ತೀರಾ ಹತ್ತಿರ ಬಂದರೆ ಜಾರಿ ಕಳಚುತ್ತದೆ, ತೊಡೆಸಂದಿಗೆ ಹತ್ತಿರ ಬಂದರೆ ಹಿಡಿತವೇ ಇರುವುದಿಲ್ಲ. ಬಿಗಿ ಎಷ್ಟು? ಮಂಡಿ ಗುಳಿಯಿಂದ ಎರಡು ಬೆರಳಿನಷ್ಟೂ ಏಳಬಾರದು. ಕಾಲನ್ನು ಹಿಂದಕ್ಕೆ ಎಳೆದು ಎರಡೂ ಮಂಡಿ ಹತ್ತಿರ ತಂದರೆ ಪಟ್ಟಿ ತಾನಾಗಿ ಬಿಟ್ಟುಕೊಡಬೇಕು. ರಾಯಲೆಕ್ಸ್, ಟಿ-ಫಾರ್ಮೆಕ್ಸ್ ದೋಣಿಗೆ ಪಟ್ಟಿ ಸಿಕ್ಕಿಸುವ ಡಿ ಆಕಾರದ ಬಳೆಗಳು (ಡಿ-ರಿಂಗ್) ವಿನೈಲ್ ಬಿಲ್ಲೆಯ ಮೇಲೆ ಬರುತ್ತವೆ, ಅವಕ್ಕೆ ವಿನೈಲಿನ ಅಂಟೇ ಬೇಕು, ಫೋಮಿನ ಅಂಟು ಸಾಲದು. ಪಾಲಿಎಥಿಲೀನ್ ದೋಣಿಗೆ ಸ್ಟೇನ್‌ಲೆಸ್ ಬೋಲ್ಟು, ಒಳಗೂ ಹೊರಗೂ ಅಗಲದ ವಾಷರು.

ಸೊಂಟ

ಇದು ಬೇಗ ಮುಗಿಯುವ ಕೆಲಸ. ಪೀಠದ ಎರಡು ಬದಿಗೆ, ಕುಂಡೆಯ ಎಲುಬಿನ ಮಟ್ಟದಲ್ಲಿ, 25 ಮಿ.ಮೀ. ಫೋಮಿನ ಒಂದೊಂದು ಪ್ಯಾಡ್. ಕೂತಾಗ ಒಂದು ಬೆರಳು ಸಲೀಸಾಗಿ ಒಳಗೆ ಹೋಗಬೇಕು. ಮೇಲಂಚು ಸೊಂಟದ ಮೂಳೆಗಿಂತ ಕೆಳಗಿರಲಿ, ಹೊರಕ್ಕೆ ಇಳಿಜಾರಾಗಿ ಹೆರೆದಿರಲಿ. ಬಿಗಿ ಮಾಡಿದಷ್ಟೂ ಒಳ್ಳೆಯದು ಎಂದುಕೊಂಡವರು ನೀರಿನಲ್ಲಿ ಹೊರಬರುವಾಗ ಪರದಾಡುತ್ತಾರೆ.

ಕತ್ತರಿಸುವುದು, ಹೆರೆಯುವುದು

ಮೊದಲು ರಟ್ಟಿನಲ್ಲಿ ನಮೂನೆ ಮಾಡಿ, ಅದರ ಮೇಲೆ ಪ್ರಯೋಗ ಮುಗಿಯಲಿ. ಫೋಮಿಗೆ ಚಾಕುವನ್ನು ಒತ್ತಬಾರದು, ಎಳೆಯಬೇಕು. ಹೊಸ ಬ್ಲೇಡು, ಉದ್ದನೆಯ ಎಳೆತ, ಒಂದೇ ದಿಕ್ಕು. ಒತ್ತಿದರೆ ಫೋಮ್ ಕುಗ್ಗಿ ಚಾಕು ವಾಲುತ್ತದೆ, ಮೇಲೆ ನೇರವಾಗಿ ಕಂಡ ಗೆರೆ ಕೆಳಗೆ ಎರಡು ಸೆಂಟಿಮೀಟರ್ ಅಡ್ಡ ಹೋಗಿರುತ್ತದೆ. ದಪ್ಪ ಇಟ್ಟಿಗೆಗೆ ವಿದ್ಯುತ್ ಕಾರ್ವಿಂಗ್ ಚಾಕುವಿಗಿಂತ ಒಳ್ಳೆಯದಿಲ್ಲ.

ದೋಣಿಯ ತಳ ಎಲ್ಲೂ ಸಪಾಟಾಗಿಲ್ಲ, ಉದ್ದಕ್ಕೂ ಬಾಗು, ಅಡ್ಡಕ್ಕೂ ಬಾಗು. ಸಪಾಟು ಫೋಮನ್ನು ಅದಕ್ಕೆ ಅಂಟಿಸಿದರೆ ನಡುವೆ ಅಥವಾ ಅಂಚಿನಲ್ಲಿ ಸಂದು ಉಳಿದು, ನೀರು ಸೇರಿ, ಅಲ್ಲಿಂದಲೇ ಬಿಡುತ್ತದೆ. ಇದಕ್ಕೆ ಹಳೆಯ ಉಪಾಯವೊಂದಿದೆ. 60ರ ಸ್ಯಾಂಡ್‌ಪೇಪರನ್ನು ಒರಟು ಮೈ ಮೇಲೆ ಬರುವಂತೆ ದೋಣಿಯೊಳಗೆ, ಫೋಮ್ ಕೂರುವ ಜಾಗದಲ್ಲೇ, ಟೇಪಿನಿಂದ ಬಿಗಿಯಿರಿ. ಅದರ ಮೇಲೆ ಫೋಮಿಟ್ಟು ಎರಡು ಸೆಂಟಿಮೀಟರಷ್ಟು ಹಿಂದೆ ಮುಂದೆ ಉಜ್ಜಿ. ಮೊದಲು ಎರಡು ತುದಿಯಲ್ಲಷ್ಟೇ ಪುಡಿ ಏಳುತ್ತದೆ, ಆಮೇಲೆ ಒಳಗೊಳಗೆ ಬರುತ್ತದೆ. ಫೋಮಿನ ತಳಕ್ಕೆ ಮೊದಲೇ ಪೆನ್ಸಿಲಿನಿಂದ ಚೌಕುಳಿ ಗೆರೆ ಎಳೆದಿದ್ದರೆ ಎಲ್ಲಿ ತಾಗಿದೆ, ಎಲ್ಲಿ ಇಲ್ಲ ಎಂದು ಕಾಣುತ್ತದೆ. ಗೆರೆಯೆಲ್ಲ ಅಳಿಸಿದಾಗ ಫೋಮಿನ ತಳ ಆ ಜಾಗದ ಅಚ್ಚೇ ಆಗಿರುತ್ತದೆ. ಬೇರೆ ಕಡೆ ಅದು ಹೊಂದುವುದಿಲ್ಲ, ಆದ್ದರಿಂದ ಉಜ್ಜುವ ಮೊದಲು ಜಾಗ ಖಚಿತವಿರಲಿ.

ಮೇಲಿನ ಆಕಾರಕ್ಕೆ ಸರ್ಫಾರ್ಮ್ ಮೊದಲು, 60 ಆಮೇಲೆ, ಮೈ ತಾಗುವ ಅಂಚುಗಳಿಗೆ ಮಾತ್ರ 120. ಪುಡಿ ಸಣ್ಣದು, ಸ್ಥಾಯಿ ವಿದ್ಯುತ್ತಿನಿಂದ ಎಲ್ಲೆಡೆ ಮೆತ್ತಿಕೊಳ್ಳುತ್ತದೆ. ಮುಖವಸ್ತ್ರ ಇರಲಿ, ವ್ಯಾಕ್ಯೂಮ್ ಪಕ್ಕದಲ್ಲಿರಲಿ. ಹೊಸ ಶೀಟಿನ ಮೇಲಿರುವ ಹೊಳಪಿನ ತೊಗಲನ್ನು ಅಂಟು ತಾಗುವ ಕಡೆಯೆಲ್ಲ ಉಜ್ಜಿ ತೆಗೆಯಲೇಬೇಕು.

ಅಂಟಿಸುವ ಮೊದಲು ಮಗುಚಿ ನೋಡಿ

ಎಲ್ಲ ಟೇಪಿನಲ್ಲಿ ನಿಂತಿದೆ, ಹಿತವಾಗಿದೆ. ಈಗ ಹಾಸಿಗೆಯ ಮೇಲೆ ದೋಣಿಯನ್ನು ಒಬ್ಬರು ಬದಿಗೆ ಮಗುಚಲಿ, ನೀವು ಕಣ್ಣು ಮುಚ್ಚಿಕೊಂಡು ಹೊರಬನ್ನಿ. ಆಮೇಲೆ ಸೊಂಟದಾಳದ ನಿಂತ ನೀರಿನಲ್ಲಿ, ಪಕ್ಕದಲ್ಲಿ ಒಬ್ಬರು ನಿಂತಿರುವಾಗ, ಹೆಲ್ಮೆಟ್, ಲೈಫ್ ಜಾಕೆಟ್ ಹಾಕಿಕೊಂಡು ಅದನ್ನೇ ಮಾಡಿ. ಯಾವ ತುಂಡಿಗೆ ಶೂ ತಾಗಿತು, ಯಾವ ಅಂಚು ತೊಡೆಯನ್ನು ತಡೆಯಿತು ಎಂಬುದು ಆಗಲೇ ಗೊತ್ತಾಗುತ್ತದೆ. ತಡೆದ ತುಂಡನ್ನು ಹೆರೆದು, ಮತ್ತೆ ಮಗುಚಿ ನೋಡಿ.

ಅಂಟು

ನಿಯೊಪ್ರೀನ್ ರಬ್ಬರಿನ, ಟಾಲ್ಯುಯೀನ್ ಥರದ ದ್ರಾವಕವಿರುವ ಕಾಂಟ್ಯಾಕ್ಟ್ ಸಿಮೆಂಟ್ ಬೇಕು. ಅಮೆರಿಕದಲ್ಲಿ ಡ್ಯಾಪ್ ವೆಲ್ಡ್‌ವುಡ್‌ನ ಒರಿಜಿನಲ್, ಬ್ರಿಟನ್ನಿನಲ್ಲಿ ಇವೊ-ಸ್ಟಿಕ್ 528 ಈ ಜಾತಿಯವು. ಭಾರತದಲ್ಲಿ ಫೆವಿಕಾಲ್ ಎಸ್‌ಆರ್ 998 ಕೂಡ ಸಿಂಥೆಟಿಕ್ ರಬ್ಬರಿನ ಅಂಟು. ನಿಮ್ಮ ಫೋಮಿನ ಚೂರಿನ ಮೇಲೆ ಹಚ್ಚಿ, ಒಂದು ದಿನ ಬಿಟ್ಟು, ಕಿತ್ತು ನೋಡಿ. ಫೋಮ್ ಹರಿಯಬೇಕು, ಅಂಟು ಬಿಡಬಾರದು. ವಾಸನೆ ಕಡಿಮೆ ಎಂದು ನೀರಿನಾಧಾರದ ಅಂಟು ಕೊಂಡರೆ ದೋಣಿಯ ಒದ್ದೆಯಲ್ಲಿ ಅದು ನಿಲ್ಲುವುದಿಲ್ಲ. ಸಿಲಿಕೋನ್, ಬಿಸಿ ಅಂಟು, ಸೂಪರ್‌ಗ್ಲೂ ಮೂರೂ ಬೇಡ.

ಈ ಆವಿ ಬೆಂಕಿಗೆ ಪೆಟ್ರೋಲಿನಂತೆ. ಗ್ಯಾರೇಜಿನಲ್ಲಿ ವಾಟರ್ ಹೀಟರಿನ ಪೈಲಟ್ ಜ್ವಾಲೆ, ಫ್ರಿಜ್, ಸಿಗರೇಟು ಯಾವುದೂ ಇರಬಾರದು. ಬಾಗಿಲು ಪೂರ್ತಿ ತೆರೆದಿರಲಿ. ಬಟ್ಟೆಯ ಮಾಸ್ಕ್ ಈ ಆವಿಯನ್ನು ತಡೆಯದು, ಸಾವಯವ ಆವಿಯ ಕಾರ್ಟ್ರಿಜ್ ಇರುವ ರೆಸ್ಪಿರೇಟರ್ ಬೇಕು. ಉಷ್ಣಾಂಶ 18 ಡಿಗ್ರಿಗಿಂತ ಮೇಲಿರಲಿ, ಹವೆ ಒಣಗಿರಲಿ. ತೇವದ ದಿನ ಒಣಗುವ ಅಂಟಿನ ಮೇಲೆ ಮಂಜಿನಂತೆ ಬಿಳಿ ಪೊರೆ ಕೂರುತ್ತದೆ, ಅದರ ಮೇಲೆ ಒತ್ತಿದರೆ ಹಿಡಿಯುವುದಿಲ್ಲ. ಕೆನಡಾದ ಚಳಿಗಾಲದ ಗ್ಯಾರೇಜು ಇದಕ್ಕೆ ತಕ್ಕ ಜಾಗವಲ್ಲ. ಏಪ್ರಿಲ್, ಮೇ ಬರುವ ತನಕ ಟೇಪಿನಲ್ಲೇ ಇರಲಿ.

ಫೋಮ್ ಕೂರುವ ಜಾಗದ ಸುತ್ತ ಮಾಸ್ಕಿಂಗ್ ಟೇಪ್ ಹಾಕಿ. ದೋಣಿಯ ಮೇಲೂ ಫೋಮಿನ ಮೇಲೂ ಎದುರುಬದುರು ಗುರುತು ಮಾಡಿ. ತಳವನ್ನು ಹಗುರಾಗಿ ಉಜ್ಜಿ, ಆಲ್ಕೋಹಾಲಿನಿಂದ ಒರೆಸಿ. ರಾಯಲೆಕ್ಸ್, ಟಿ-ಫಾರ್ಮೆಕ್ಸಿಗೆ ಅಸಿಟೋನ್ ತಾಗಿಸಲೇಬೇಡಿ, ಎಬಿಎಸ್ ಮೆತ್ತಗಾಗುತ್ತದೆ. ಅಂಟು ಕೊಳದಂತೆ ನಿಂತರೂ ಅದೇ ಅಪಾಯ: ಒಳಗೆ ಸಿಕ್ಕಿಬಿದ್ದ ದ್ರಾವಕ ಹೊರಹೋಗಲಾರದೆ ದೋಣಿಯ ಪದರವನ್ನೇ ತಿನ್ನುತ್ತದೆ. ಹಾಗಾಗಿ ತೆಳುವಾಗಿ ಹಚ್ಚಿ: ಫೋಮಿಗೆ ಎರಡು ಸಲ, ದೋಣಿಗೆ ಒಂದೋ ಎರಡೋ ಸಲ. ಫೋಮಿನ ಮೊದಲ ಪದರ ರಂಧ್ರಗಳಿಗೆ ಇಳಿದುಹೋಗುತ್ತದೆ. ಪ್ರತಿ ಪದರಕ್ಕೂ ಹದಿನೈದು ಇಪ್ಪತ್ತು ನಿಮಿಷ ಬಿಡಿ. ಬೆರಳಿನ ಹಿಂಭಾಗ ತಾಗಿಸಿದಾಗ ಜಿಗುಟು ಅನಿಸಬೇಕು, ಬೆರಳಿಗೆ ಅಂಟು ಬರಬಾರದು. ಅವಸರದಲ್ಲಿ ಹಸಿಯಾಗಿಯೇ ಒತ್ತಿದ್ದು ವಾರ ಕಳೆದರೂ ಒಣಗುವುದಿಲ್ಲ.

ತಾಗಿದ ಕ್ಷಣ ಹಿಡಿಯಿತು, ಆಮೇಲೆ ಸರಿಸುವಂತಿಲ್ಲ. ದೊಡ್ಡ ತುಂಡಾದರೆ ನಡುವೆ ಬೇಕಿಂಗ್ ಕಾಗದ ಹಾಸಿ, ಗುರುತಿಗೆ ಗುರುತು ಕೂಡಿಸಿ, ಒಂದು ತುದಿ ಒತ್ತಿಕೊಂಡು ಕಾಗದವನ್ನು ಮೆಲ್ಲಗೆ ಎಳೆಯುತ್ತಾ ಹೋಗಿ. ಆಮೇಲೆ ಲಟ್ಟಣಿಗೆಯಿಂದ ನಡುವಿನಿಂದ ಅಂಚಿಗೆ ಬಲವಾಗಿ ಒತ್ತಿ. ಈ ಅಂಟಿಗೆ ಎಷ್ಟು ಹೊತ್ತು ಒತ್ತಿದಿರಿ ಎನ್ನುವುದಕ್ಕಿಂತ ಎಷ್ಟು ಬಲವಾಗಿ ಒತ್ತಿದಿರಿ ಎನ್ನುವುದು ಮುಖ್ಯ. ಆದರೂ ಮೇಲೆ ನೀರಿನ ಕ್ಯಾನ್ ಇಟ್ಟು ಒಂದು ದಿನ ಬಿಡಿ, ನದಿಗೆ ಇಳಿಸುವ ಮೊದಲು ಮೂರು ದಿನ. ಹೆಚ್ಚು ಹೊತ್ತು ಬಿಟ್ಟು ಅಂಟು ಪೂರ್ತಿ ಒಣಗಿಬಿಟ್ಟರೆ ಎರಡೂ ಮೈಗೆ ಮತ್ತೊಂದು ತೆಳು ಪದರ ಹಚ್ಚಿ, ಕಾಯ್ದು, ಜೋಡಿಸಿ.

ಪಾಲಿಎಥಿಲೀನ್ ತಳಕ್ಕೆ ಅಂಟಿಸಲೇಬೇಕಾದವರು ಪ್ರೊಪೇನ್ ಟಾರ್ಚಿನ ನೀಲಿ ಜ್ವಾಲೆಯ ತುದಿಯನ್ನು ಆ ಜಾಗದ ಮೇಲೆ ನಿಲ್ಲಿಸದೆ ಸವರಿಕೊಂಡು ಹೋಗಿ. ಪ್ಲಾಸ್ಟಿಕ್ ಕರಗಬಾರದು, ಬಣ್ಣ ಬದಲಾಗಬಾರದು. ಜ್ವಾಲೆಯಿಂದ ಮೇಲ್ಮೈ ಆಮ್ಲಜನಕದೊಂದಿಗೆ ಕೂಡಿ ಅಂಟು ಹಿಡಿಯುವಂತಾಗುತ್ತದೆ. ನೀರು ಚಿಮುಕಿಸಿ ನೋಡಿ: ಹನಿಯಾಗಿ ನಿಂತರೆ ಸಾಲದು, ಹಾಳೆಯಂತೆ ಹರಡಿದರೆ ಸರಿಯಾಗಿದೆ. ಒರೆಸಿ, ಒಣಗಿಸಿ, ಅರ್ಧ ಗಂಟೆಯೊಳಗೆ ಅಂಟು ಹಚ್ಚಿ. ಟಾರ್ಚಿನ ಕೆಲಸ ಮುಗಿದು, ಟಾರ್ಚು ಹೊರಗೆ ಹೋದ ಮೇಲೆಯೇ ಅಂಟಿನ ಡಬ್ಬಿ ತೆರೆಯಬೇಕು.

ಪಂಪ್, ಗಾಳಿಚೀಲ

ಬಾಗಿದ ತಳದ ದೋಣಿಯಲ್ಲಿ ನೀರು ಸೇರುವುದು ನಡುವೆ, ಅಂದರೆ ಪೀಠದ ಬುಡದಲ್ಲಿ. 12 ವೋಲ್ಟಿನ ವಿದ್ಯುತ್ ಪಂಪ್ ಹಾಕುವ ಯೋಚನೆಯಿದ್ದರೆ ಪೀಠವನ್ನು ಅಂಟಿಸುವ ಮೊದಲೇ ಅದರಲ್ಲಿ ಪಂಪಿಗೂ ಬ್ಯಾಟರಿಗೂ ಗೂಡು ಕೊರೆಯಬೇಕು, ನೀರು ಅಲ್ಲಿಗೆ ಬರಲು ಕಾಲುವೆಯೂ ಬೇಕು. ಗೂಡು ಪಂಪಿಗಿಂತ ಕೊಂಚ ಚಿಕ್ಕದಾಗಿದ್ದರೆ ಫೋಮೇ ಅದನ್ನು ಹಿಡಿದುಕೊಳ್ಳುತ್ತದೆ. ಕೂರುವ ಮೇಲ್ಮೈಯಿಂದ ಗೂಡಿನ ಚಾವಣಿಗೆ ಕನಿಷ್ಠ ಐದು ಸೆಂಟಿಮೀಟರ್ ಫೋಮ್ ಉಳಿಯಲಿ, ಇಲ್ಲವಾದರೆ ಪೀಠ ಕುಸಿಯುತ್ತದೆ.

ಪೀಠದ ಹಿಂದೆ, ಪೆಗ್ಗಿನಾಚೆ, ಮುಂದೆ ಮಂಡಿಯಾಚೆ ಉಳಿದ ಜಾಗವೆಲ್ಲ ಗಾಳಿಚೀಲದ್ದು. ಚೀಲ ತುಂಬಿದ ಪ್ರತಿ ಲೀಟರ್ ಜಾಗ ಒಂದು ಕೆ.ಜಿ. ನೀರನ್ನು ಹೊರಗಿಡುತ್ತದೆ. ಚೀಲ ತಾಗುವ ಫೋಮಿನ, ಬೋಲ್ಟಿನ ಅಂಚುಗಳನ್ನೆಲ್ಲ ದುಂಡಾಗಿಸಿ. ಬಿಸಿಲಿನಲ್ಲಿ ಕಾರಿನ ಮೇಲೆ ದೋಣಿ ಇದ್ದರೆ ಗಾಳಿ ಸ್ವಲ್ಪ ಬಿಡಿ, ಇಲ್ಲವಾದರೆ ಹೊಲಿಗೆ ಬಿರಿಯುತ್ತದೆ. ತಣ್ಣೀರಿಗೆ ಇಳಿದು ಹತ್ತು ನಿಮಿಷಕ್ಕೆ ಮತ್ತೆ ಊದಿ.

ಒಂದು ಋತು ಕಳೆದ ಮೇಲೆ ಪೀಠದ ಎತ್ತರವನ್ನು ಮತ್ತೆ ಅಳೆಯಿರಿ. ಮೆತ್ತಗಿನ ಫೋಮ್ ಅರ್ಧದಿಂದ ಒಂದು ಸೆಂಟಿಮೀಟರ್ ಕುಗ್ಗಿರಬಹುದು, ಆಗ ಜೋಮು ಹಿಂದಿರುಗುತ್ತದೆ. ಕೂರುವ ಮೇಲ್ಮೈಯನ್ನು ಉಜ್ಜಿ 12 ಮಿ.ಮೀ.ನ ಒಂದು ಪದರ ಪೂರ್ತಿ ಅಗಲಕ್ಕೆ ಅಂಟಿಸಿ. ತಪ್ಪಾಗಿ ಅಂಟಿಸಿದ್ದನ್ನು ತೆಗೆಯಬೇಕಾದರೆ ಹೀಟ್‌ಗನ್ನನ್ನು ದೂರದಿಂದ ಹಿಡಿದು ಅಂಚು ಬೆಚ್ಚಗೆ ಮಾಡಿ, ಹಳೆಯ ಗಿಟಾರ್ ತಂತಿಯ ಎರಡು ತುದಿಗೆ ಕಡ್ಡಿ ಕಟ್ಟಿ, ಫೋಮಿಗೂ ದೋಣಿಗೂ ನಡುವೆ ಗರಗಸದಂತೆ ಎಳೆಯುತ್ತಾ ಬನ್ನಿ. ಉಳಿದ ಅಂಟನ್ನು ಹೆಬ್ಬೆರಳಿನಿಂದ ಉಜ್ಜಿದರೆ ಸುರುಳಿ ಸುರುಳಿಯಾಗಿ ಏಳುತ್ತದೆ. ಬೇಗ ಮುಗಿಯಲೆಂದು ದ್ರಾವಕ ಸುರಿಯಬೇಡಿ.